ವೈಲ್ಡ್ ನಾಟಕ ಓದೋದು ಹೇಗೆ: ಕೋಟ್ಸ್ ಬಿಡಿ, ಸ್ಯಾಂಡ್‌ವಿಚ್ ಮೇಲೆ ಕಣ್ಣಿಡಿ

ಆಸ್ಕರ್ ವೈಲ್ಡ್ ಹೆಸರು ಕೇಳದೇ ಇರೋರು ಕಮ್ಮಿ, ಗುಡ್ ಮಾರ್ನಿಂಗ್ ಮೆಸೇಜಲ್ಲಿ ಗುಲಾಬಿ ಹೂವಿನ ಪಕ್ಕ ಅವನ ಒಂದೊಂದು ಸಾಲು ಬರ್ತಾನೇ ಇರತ್ತೆ (ಅದ್ರಲ್ಲಿ ಎಷ್ಟೋ ಅವನು ಬರ್ದಿದ್ದೇ ಅಲ್ಲ, ಅದು ಬೇರೆ ಮಾತು). ಆದ್ರೆ ನಾಟಕ ಪೂರ್ತಿ ಓದಿದೋರು ಸಿಗೋದು ಕಷ್ಟ. ಶುರು ಮಾಡ್ತಾರೆ, ಹತ್ತು ಪುಟ ಆಗೋಷ್ಟರಲ್ಲಿ ಸುಸ್ತಾಗ್ತಾರೆ, ಎಲ್ಲರೂ ಒಂದೇ ಥರ ಜಾಣತನದ ಮಾತಾಡ್ತಾರೆ, ಕಥೆ ಎಲ್ಲಿದೆ ಗುರೂ ಅಂತ ಮುಚ್ಚಿಡ್ತಾರೆ. ನಾನು ಹೇಳೋದು ಇಷ್ಟೆ, ತಪ್ಪು ನಾಟಕದ್ದಲ್ಲ, ಓದೋ ರೀತಿದು. ಒಳ್ಳೆ ಸಾಲು ಹುಡುಕ್ಕೊಂಡು ಹೋದ್ರೆ ಈ ನಾಟಕಗಳು ಬೇಗ ಹಳಸಿದಂಗಾಗತ್ತೆ. ಯಾರಿಗೆ ಏನು ಬೇಕು, ಯಾರ ಹತ್ರ ಎಷ್ಟು ದುಡ್ಡಿದೆ, ತಟ್ಟೇಲಿ ಏನಿದೆ ಅಂತ ನೋಡ್ತಾ ಓದಿ, ಆಮೇಲೆ ನಗು ತಡೆಯೋಕಾಗಲ್ಲ.

ಮೊದಲು ಯಾವ್ದು ಓದ್ಬೇಕು ಅಂದ್ರೆ, ಕಣ್ಮುಚ್ಚಿ ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್. ಬರ್ದಿರೋ ಕ್ರಮದಲ್ಲಿ ಓದ್ತೀನಿ ಅಂತ 1892ರ ಲೇಡಿ ವಿಂಡರ್ಮಿಯರ್ಸ್ ಫ್ಯಾನ್ ಇಂದ ಶುರು ಮಾಡಿದ್ರೆ ಮಧ್ಯದಲ್ಲಿ ಕಣ್ಣೀರು, ತ್ಯಾಗ, ಪಾಪ, ಕ್ಷಮೆ ಎಲ್ಲ ಬರತ್ತೆ, ಅಲ್ಲೇ ಎಷ್ಟೋ ಜನ ಬಿಟ್ಟು ಎದ್ದು ಹೋಗ್ತಾರೆ. ಅರ್ನೆಸ್ಟ್‌ನಲ್ಲಿ ಅದ್ಯಾವ್ದೂ ಇಲ್ಲ, ಮೂರು ಅಂಕ, ಜೋರಾಗಿ ಓದಿದ್ರೂ ಎರಡು ಎರಡೂವರೆ ಗಂಟೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗತ್ತೆ, ಕೇಳ್ಬೇಕು ಅಂದ್ರೆ ಲಿಬ್ರಿವಾಕ್ಸ್‌ನಲ್ಲಿ ಆಡಿಯೋನೂ ಇದೆ. ಹೆಸರಿನ ಶ್ಲೇಷೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅರ್ನೆಸ್ಟ್ ಅಂದ್ರೆ ಗಂಡಸಿನ ಹೆಸರೂ ಹೌದು, ಉಚ್ಚಾರದಲ್ಲಿ ಪ್ರಾಮಾಣಿಕ ಅನ್ನೋ ಅರ್ಥಾನೂ ಬರತ್ತೆ, ಅಷ್ಟು ಗೊತ್ತಿದ್ರೆ ಸಾಕು.

ಕಥೆ ಒಂದು ಉಸಿರಲ್ಲಿ ಹೇಳ್ಬಿಡ್ತೀನಿ, ಇದೇನು ಪತ್ತೇದಾರಿ ಅಲ್ಲ ಮುಂಚೆನೇ ಗೊತ್ತಾದ್ರೆ ಕೆಟ್ಟೋಗೋಕೆ. ಜ್ಯಾಕ್ ಅಂತ ಒಬ್ಬ, ಹಳ್ಳಿ ಬಂಗಲೆಲಿ ಸಿಸಿಲಿ ಅನ್ನೋ ಹುಡುಗಿಗೆ ಗಾರ್ಡಿಯನ್, ಅಲ್ಲಿ ಬಲು ಮರ್ಯಾದಸ್ಥ. ಲಂಡನ್‌ಗೆ ಹೋಗಿ ಮಜಾ ಮಾಡೋಕೆ ಅವನಿಗೊಂದು ನೆಪ ಬೇಕು, ಅದಕ್ಕೆ ಅರ್ನೆಸ್ಟ್ ಅಂತ ಪೋಲಿ ತಮ್ಮನ್ನ ಹುಟ್ಟಿಸ್ಕೊಂಡಿದಾನೆ, ಲಂಡನ್‌ನಲ್ಲಿ ತಾನೇ ಆ ಅರ್ನೆಸ್ಟ್. ಅವನ ಫ್ರೆಂಡ್ ಆಲ್ಜರ್ನನ್ ಇದರ ಉಲ್ಟಾ, ಊರಾಚೆ ಬನ್‌ಬರಿ ಅನ್ನೋ ಕಾಯಿಲೆ ಮನುಷ್ಯ ಇದಾನೆ ಅಂತ ಹೇಳ್ಕೊಂಡು ಲಂಡನ್ನಿನ ಬೋರಿಂಗ್ ಡಿನ್ನರ್‌ಗಳಿಂದ ತಪ್ಪಿಸ್ಕೋತಾನೆ. ಜ್ಯಾಕ್‌ಗೆ ಗ್ವೆಂಡೊಲಿನ್ ಮೇಲೆ ಪ್ರೀತಿ, ಆಲ್ಜಿ ಅರ್ನೆಸ್ಟ್ ಅಂತ ಹೇಳ್ಕೊಂಡು ಹಳ್ಳಿಗೆ ಹೋಗಿ ಸಿಸಿಲಿ ಪ್ರೀತೀಲಿ ಬೀಳ್ತಾನೆ, ಇಬ್ಬರು ಹುಡುಗೀರಿಗೂ ಮದುವೆ ಆದ್ರೆ ಅರ್ನೆಸ್ಟ್ ಅನ್ನೋ ಹೆಸರಿನೋನ್ನೇ ಆಗ್ಬೇಕು. ಎಲ್ಲದರ ಮೇಲೆ ಗ್ವೆಂಡೊಲಿನ್ ತಾಯಿ ಲೇಡಿ ಬ್ರ್ಯಾಕ್‌ನೆಲ್. ಅಷ್ಟೇ.

ಈಗ ಓದೋ ವಿಧಾನಕ್ಕೆ ಬರೋಣ. ಮೊದಲನೇದು, ಊಟ ತಿಂಡಿ ಫಾಲೋ ಮಾಡಿ.

ಮೊದಲ ಅಂಕ ತೆಗೀರಿ. ಆಲ್ಜಿಯ ಲಂಡನ್ ಮನೆ, ಲೇನ್ ಅನ್ನೋ ಅವನ ಬಟ್ಲರ್ ಟೀ ಟೇಬಲ್ ಜೋಡಿಸ್ತಿದಾನೆ, ಅತ್ತೆ ಅಗಸ್ಟಾ (ಅದೇ ಲೇಡಿ ಬ್ರ್ಯಾಕ್‌ನೆಲ್) ಬರ್ತಾಳೆ ಅಂತ ಅವಳಿಗೋಸ್ಕರ ಸೌತೆಕಾಯಿ ಸ್ಯಾಂಡ್‌ವಿಚ್ ಸ್ಪೆಶಲ್ಲಾಗಿ ಮಾಡಿಸಿದೆ. ಜ್ಯಾಕ್ ಕೈ ಹಾಕಿದ್ರೆ ಆಲ್ಜಿ ತಡೀತಾನೆ, ಅದು ಅತ್ತೆಗೆ ಅಂತ, ಅನ್ಕೊಂಡೇ ತಾನೊಂದು ಬಾಯಿಗೆ ಹಾಕ್ತಾನೆ. ನೀನು ಆಗ್ಲಿಂದ ತಿಂತಾನೇ ಇದೀಯಲ್ಲ ಅಂದ್ರೆ, ಅದು ಬೇರೆ ವಿಷಯ, ಅವಳು ನನ್ನ ಅತ್ತೆ ಅಂತಾನೆ. ಜ್ಯಾಕ್‌ಗೆ ಬ್ರೆಡ್ಡು ಬೆಣ್ಣೆ ಕೊಟ್ಟು, ಇದು ಗ್ವೆಂಡೊಲಿನ್‌ಗೆ ಇಟ್ಟಿರೋದು, ಅವಳಿಗೆ ಬ್ರೆಡ್ಡು ಬೆಣ್ಣೆ ಅಂದ್ರೆ ಪ್ರಾಣ ಅಂತಾನೆ, ಜ್ಯಾಕ್ ಗಬಗಬ ತಿನ್ನೋಕೆ ಶುರು ಮಾಡಿದ್ರೆ, ಏನಯ್ಯಾ ಆಗ್ಲೇ ಅವಳನ್ನ ಮದುವೆ ಆಗಿರೋನ ಥರ ಆಡ್ತಿದೀಯ ಅಂತ ಬೈತಾನೆ. ಮಾತು ಮದುವೆದು, ಪ್ರೀತಿದು, ಸಿಗರೇಟ್ ಡಬ್ಬಿದು, ಆದ್ರೆ ಕೈ ಮಾತ್ರ ತಟ್ಟೆ ಕಡೆಗೇ. ಅತ್ತೆ ಬರೋ ಹೊತ್ತಿಗೆ ತಟ್ಟೆ ಖಾಲಿ.

ಇಲ್ಲಿ ನಿಧಾನ ಮಾಡಿ. ಅತ್ತೆ ಕೂತ್ಕೊಂಡು ಸೌತೆಕಾಯಿ ಸ್ಯಾಂಡ್‌ವಿಚ್ ಕೇಳ್ತಾಳೆ. ಆಲ್ಜಿ ಖಾಲಿ ತಟ್ಟೆ ಎತ್ತಿ ಗಾಬರಿಯಿಂದ, ಲೇನ್, ಸ್ಯಾಂಡ್‌ವಿಚ್ ಯಾಕಿಲ್ಲ ಅಂತ ಕೇಳ್ತಾನೆ. ಲೇನ್ ಮುಖದಲ್ಲಿ ಒಂದು ಗೆರೆನೂ ಅಲುಗಲ್ಲ: ಬೆಳಿಗ್ಗೆ ಮಾರ್ಕೆಟ್‌ನಲ್ಲಿ ಸೌತೆಕಾಯಿನೇ ಇರ್ಲಿಲ್ಲ ಸರ್, ಎರಡು ಸಲ ಹೋಗಿ ಬಂದೆ. ಸೌತೆಕಾಯಿ ಇಲ್ವಾ? ಇಲ್ಲ ಸರ್, ಕ್ಯಾಶ್ ಕೊಡ್ತೀನಂದ್ರೂ ಇರ್ಲಿಲ್ಲ. ಈ ಕಡೇ ಮಾತನ್ನ ಇನ್ನೊಂದು ಸಲ ಓದಿ. ಕ್ಯಾಶ್ ಕೊಟ್ರೂ ಸಿಗ್ಲಿಲ್ಲ ಅಂದ್ರೆ ಏನರ್ಥ, ಈ ಮನೇಲಿ ಯಾವತ್ತೂ ಕ್ಯಾಶ್ ಕೊಟ್ಟು ತರೋದಿಲ್ಲ, ಎಲ್ಲ ಸಾಲದ ಮೇಲೇ ನಡೀತಿದೆ ಅಂತ. ಯಜಮಾನನ ಮಾನ ಉಳಿಸ್ತಾ ಅದೇ ಉಸಿರಲ್ಲಿ ಮಾನ ಕಳೆದ. ಈ ಸಾಲನ್ನ ಕತ್ತರಿಸಿ ಗುಲಾಬಿ ಪಕ್ಕ ಹಾಕಿದ್ರೆ ಏನೂ ಇಲ್ಲ, ಖಾಲಿ ತಟ್ಟೆ ಕಣ್ಮುಂದೆ ಇದ್ರೆ ಮಾತ್ರ ಅದಕ್ಕೆ ಜೀವ. ಇನ್ನೊಂದು ಗಮನಿಸಿ, ಆಳು ಯಜಮಾನನಷ್ಟೇ ಚೂಪು, ಒಂದು ಕೈ ಮೇಲೇನೇ. ನಮ್ಮ ಕೈಲಾಸಂ ನಾಟಕ ಓದಿದೋರಿಗೆ ಮನೆಯೊಳಗಿನ ಮಾತಲ್ಲೇ ಇಡೀ ವರ್ಗದ ಜಾತಕ ಬಿಚ್ಚೋದು ಹೊಸದಲ್ಲ, ಆದ್ರೆ ಕೈಲಾಸಂನಲ್ಲಿ ಒಬ್ಬೊಬ್ಬರ ಭಾಷೆ ಒಂದೊಂದು ಥರ, ವೈಲ್ಡ್‌ನಲ್ಲಿ ಬಟ್ಲರ್ರು ಲಾರ್ಡು ಎಲ್ಲರೂ ಒಂದೇ ಇಸ್ತ್ರಿ ಮಾಡಿದ ಇಂಗ್ಲಿಷು. ಅದನ್ನ ದೋಷ ಅನ್ಕೊಂಡ್ರೆ ಓದೋಕಾಗಲ್ಲ, ಆಟದ ರೂಲ್ ಅನ್ಕೊಳ್ಳಿ.

ಎರಡನೇ ಅಂಕದಲ್ಲಿ ಇದೇ ಆಟ ಹುಡುಗೀರ ಮಧ್ಯೆ. ಗ್ವೆಂಡೊಲಿನ್ ಮತ್ತೆ ಸಿಸಿಲಿ ಇಬ್ಬರೂ ಒಬ್ಬನೇ ಅರ್ನೆಸ್ಟ್‌ಗೆ ನಿಶ್ಚಯ ಆಗಿದೀವಿ ಅನ್ಕೊಂಡಿದಾರೆ, ಜುಟ್ಟು ಹಿಡಿದು ಎಳೆದಾಡೋಷ್ಟು ಸಿಟ್ಟು, ಅಷ್ಟರಲ್ಲಿ ಬಟ್ಲರ್ ಟೀ ತಗೊಂಡು ಬಂದ. ಆಳುಗಳ ಎದುರಿಗೆ ಜಗಳ ಆಡಂಗಿಲ್ಲ. ಸಕ್ಕರೆ ಬೇಕಾ ಅಂದ್ರೆ, ಬೇಡ, ಈಗ ಸಕ್ಕರೆ ಫ್ಯಾಶನ್ ಅಲ್ಲ ಅಂತಾಳೆ ಗ್ವೆಂಡೊಲಿನ್, ಸಿಸಿಲಿ ಇಕ್ಕಳ ತಗೊಂಡು ನಾಲ್ಕು ಸಕ್ಕರೆ ಗಡ್ಡೆ ಹಾಕ್ತಾಳೆ. ಕೇಕಾ, ಬ್ರೆಡ್ಡು ಬೆಣ್ಣೆನಾ? ಬ್ರೆಡ್ಡು ಬೆಣ್ಣೆ, ಒಳ್ಳೆ ಮನೆಗಳಲ್ಲಿ ಈಗೆಲ್ಲ ಕೇಕ್ ಕಾಣಿಸೋದೇ ಅಪರೂಪ. ದಪ್ಪದೊಂದು ಕೇಕ್ ಪೀಸ್ ಕತ್ತರಿಸಿ ತಟ್ಟೇಲಿಟ್ಟು ಕಳಿಸ್ತಾಳೆ. ಪುಟದ ಮೇಲೆ ಇದು ಬರೀ ಶಿಷ್ಟಾಚಾರದ ಮಾತು, ಜಗಳ ಪೂರ್ತಿ ಬ್ರಾಕೆಟ್ ಒಳಗಿನ ಸೂಚನೇಲಿದೆ. ಅದಕ್ಕೇ ಹೇಳೋದು, ಸ್ಟೇಜ್ ಸೂಚನೆಗಳನ್ನ ಹಾರಿಸ್ಬೇಡಿ, ಇವು ಡೈಲಾಗ್‌ಗಿಂತ ಮುಖ್ಯ.

ಮುಂದಿನದು ದುಡ್ಡು. ಲೇಡಿ ಬ್ರ್ಯಾಕ್‌ನೆಲ್ ಜ್ಯಾಕ್‌ನ ಇಂಟರ್‌ವ್ಯೂ ಮಾಡೋ ಸೀನ್ ನಮಗೆ ಯಾವ ಟಿಪ್ಪಣಿನೂ ಇಲ್ಲದೆ ಅರ್ಥ ಆಗತ್ತೆ, ಅದು ಸಾಕ್ಷಾತ್ ಗಂಡು ನೋಡೋ ಶಾಸ್ತ್ರ. ಪೆನ್ಸಿಲ್ಲು ನೋಟ್‌ಬುಕ್ಕು ತೆಗೆದು ಕೂರ್ತಾಳೆ, ಅರ್ಹ ಹುಡುಗರ ಲಿಸ್ಟಲ್ಲಿ ನಿನ್ನ ಹೆಸರಿಲ್ಲ, ಉತ್ತರ ಸರಿ ಇದ್ರೆ ಸೇರಿಸ್ತೀನಿ ಅಂತಾಳೆ. ಸಿಗರೇಟ್ ಸೇದ್ತೀಯಾ? ಸೇದ್ತೀನಿ. ಸಂತೋಷ, ಗಂಡಸಿಗೆ ಏನಾದ್ರೂ ಒಂದು ಉದ್ಯೋಗ ಇರ್ಬೇಕು. ವಯಸ್ಸು? 29. ಆದಾಯ? ವರ್ಷಕ್ಕೆ ಏಳೆಂಟು ಸಾವಿರ ಪೌಂಡ್. ಜಮೀನಿಂದಾನೋ ಹೂಡಿಕೆಯಿಂದಾನೋ? ಹೂಡಿಕೆ. ತೃಪ್ತಿ. ಹಳ್ಳೀಲಿ ಮನೆ ಇದೆ, ಸುಮಾರು 1500 ಎಕರೆ. ಲಂಡನ್‌ನಲ್ಲಿ ಬೆಲ್‌ಗ್ರೇವ್ ಸ್ಕ್ವೇರ್ 149. ಅಯ್ಯೋ, ಅದು ಫ್ಯಾಶನ್ ಇಲ್ಲದ ಸೈಡು, ಪರ್ವಾಗಿಲ್ಲ ಬದಲಾಯಿಸ್ಬೋದು. ಏನನ್ನ, ಫ್ಯಾಶನ್ನಾ ಸೈಡನ್ನಾ ಅಂತ ಜ್ಯಾಕ್ ಕೇಳಿದ್ರೆ, ಬೇಕಾದ್ರೆ ಎರಡನ್ನೂ ಅಂತಾಳೆ. ಎಲ್ಲ ಪಾಸ್ ಆಗ್ತಾ ಬಂದು ಕೊನೇಲಿ, ತಂದೆ ತಾಯಿ ಇದಾರಾ? ಇಬ್ಬರನ್ನೂ ಕಳ್ಕೊಂಡಿದೀನಿ. ಒಬ್ಬರನ್ನ ಕಳ್ಕೊಂಡ್ರೆ ದುರದೃಷ್ಟ ಅನ್ಬೋದು, ಇಬ್ಬರನ್ನೂ ಕಳ್ಕೊಂಡ್ರೆ ಅಜಾಗರೂಕತೆ ಥರ ಕಾಣತ್ತೆ.

ಈ ಕೊನೇ ಸಾಲು ಜಗತ್ತಿಗೆಲ್ಲ ಗೊತ್ತು. ಆದ್ರೆ ಅದು ಕೆಲಸ ಮಾಡೋದು ಅಷ್ಟೊತ್ತು ಟಿಕ್ ಟಿಕ್ ಅಂತ ಮಾರ್ಕ್ ಹಾಕ್ಕೊಂಡು ಬಂದಿರೋದ್ರಿಂದ, ಮತ್ತೆ ಅವಳು ಜೋಕ್ ಮಾಡ್ತಿಲ್ಲ ಅನ್ನೋದ್ರಿಂದ. ಅವಳಿಗೆ ಇದು ನಿಜವಾಗ್ಲೂ ತೊಂದರೆ. ಅಪ್ಪ ಅಮ್ಮ ಇಲ್ಲದೆ ವಿಕ್ಟೋರಿಯಾ ಸ್ಟೇಶನ್ ಕ್ಲೋಕ್‌ರೂಮಲ್ಲಿ ಹ್ಯಾಂಡ್‌ಬ್ಯಾಗ್ ಒಳಗೆ ಸಿಕ್ಕ ಮಗು ಅಂದ್ರೆ ಮಗಳನ್ನ ಲಗೇಜ್ ರೂಮಿಗೆ ಮದುವೆ ಮಾಡ್ಕೊಟ್ಟ ಹಾಗೆ. ಪರಿಹಾರನೂ ಗಂಭೀರವಾಗೇ ಹೇಳ್ತಾಳೆ, ಸೀಸನ್ ಮುಗಿಯೋದ್ರೊಳಗೆ ಗಂಡೋ ಹೆಣ್ಣೋ ಯಾರಾದ್ರೂ ಒಬ್ಬ ಪೋಷಕರನ್ನ ಹಾಜರುಪಡಿಸು ಅಂತ.

ಪೌಂಡ್ ಲೆಕ್ಕ ತಲೇಲಿ ಇಟ್ಕೊಳ್ಳಿ, ಇಲ್ಲಾಂದ್ರೆ ಮೂರನೇ ಅಂಕದ ಒಳ್ಳೆ ತಿರುವು ಜಾರಿ ಹೋಗತ್ತೆ. ಆ ಕಾಲದ ಲಂಡನ್‌ನಲ್ಲಿ ಮನೆಕೆಲಸದ ಹುಡುಗಿಗೆ ಊಟ ವಸತಿ ಬಿಟ್ಟು ವರ್ಷಕ್ಕೆ ಇಪ್ಪತ್ತು ಪೌಂಡ್ ಆಸುಪಾಸು ಸಂಬಳ. ಈಗ ನೋಡಿ, ಲೇಡಿ ಬ್ರ್ಯಾಕ್‌ನೆಲ್ ಹಳ್ಳಿ ಬಂಗಲೆಗೆ ಬಂದು ಸಿಸಿಲಿಯನ್ನ ಮೂಗು ಮುರಿದು ನೋಡ್ತಾಳೆ, ಹೊರಡೋಕೆ ಏಳ್ತಾಳೆ, ಏಳ್ತಾ ಸುಮ್ನೆ ಕೇಳ್ದಂಗೆ, ಈ ಹುಡುಗಿಗೆ ಏನಾದ್ರೂ ಆಸ್ತಿಪಾಸ್ತಿ ಇದೆಯಾ ಅಂತಾಳೆ. ಸರ್ಕಾರಿ ಸಾಲಪತ್ರದಲ್ಲಿ 1,30,000 ಪೌಂಡ್ ಇದೆ ಅಷ್ಟೆ, ಹೋಗ್ಬನ್ನಿ ಅಂತಾನೆ ಜ್ಯಾಕ್. ಆಗಿನ ಸಾಲಪತ್ರಕ್ಕೆ ನೂರಕ್ಕೆ 2.75 ಬಡ್ಡಿ ಅಂತ ಹಿಡಿದ್ರೂ ಕೂತಲ್ಲೇ ವರ್ಷಕ್ಕೆ ಮೂರೂವರೆ ಸಾವಿರ ಪೌಂಡ್. ಲೇಡಿ ಬ್ರ್ಯಾಕ್‌ನೆಲ್ ವಾಪಸ್ ಕೂರ್ತಾಳೆ. ಈಗ ನೋಡಿದ್ರೆ ಹುಡುಗಿ ಬಹಳ ಆಕರ್ಷಕವಾಗಿದಾಳೆ ಅಂತಾಳೆ. ಸೈಡಿಂದ ತಿರುಗಮ್ಮಾ ನೋಡೋಣ ಅಂತಾಳೆ. ಈ ವಾಪಸ್ ಕೂರೋದೇ ನಾಟಕ.

ಇಷ್ಟಕ್ಕೂ ಸಿಸಿಲಿ ತನ್ನ ತಾತನ ವಿಲ್ ಪ್ರಕಾರ 35 ವರ್ಷ ತುಂಬೋವರೆಗೂ ಗಾರ್ಡಿಯನ್ ಒಪ್ಪಿಗೆ ಇಲ್ಲದೆ ಮದುವೆ ಆಗೋಕಾಗಲ್ಲ, ಆ ಗಾರ್ಡಿಯನ್ ಯಾರು, ಹ್ಯಾಂಡ್‌ಬ್ಯಾಗ್ ಅಂತ ಅವಳು ರಿಜೆಕ್ಟ್ ಮಾಡಿದ ಜ್ಯಾಕ್. ನಿಮ್ಮ ಮಗಳನ್ನ ನನಗೆ ಕೊಡಿ, ಇವಳನ್ನ ನಿಮ್ಮ ಅಳಿಯನಿಗೆ ಕೊಡ್ತೀನಿ. (ಆಲ್ಜಿ ಅವಳ ಒಡಹುಟ್ಟಿದವಳ ಮಗ, ಇಂಗ್ಲಿಷಲ್ಲಿ ನೆಫ್ಯೂ, ನಾನು ಅತ್ತೆ ಅಂತ ಬರ್ದಿದ್ದು ನಮ್ಮ ಕಡೆ ಓಟಕ್ಕೆ, ಲೆಕ್ಕ ಹಾಕಿದ್ರೆ ದೊಡ್ಡಮ್ಮನೋ ಚಿಕ್ಕಮ್ಮನೋ ಆಗ್ಬೇಕು.)

ಎಲ್ಲದಕ್ಕಿಂತ ಮುಖ್ಯವಾದ್ದು: ನಗಬೇಡಿ. ಅಂದ್ರೆ ಓದ್ತಾ ನೀವು ನಗಿ, ಪಾತ್ರ ಮಾತ್ರ ನಗಬಾರ್ದು. ಇದು ನನ್ನ ಮಾತಲ್ಲ. 1877ರಲ್ಲಿ ಡಬ್ಲ್ಯೂ. ಎಸ್. ಗಿಲ್ಬರ್ಟ್ ಎಂಗೇಜ್ಡ್ ಅಂತ ಒಂದು ಕಾಮಿಡಿ ಬರೆದ, ಅದೇ ಮುಂದೆ ಸಲಿವನ್ ಜೊತೆ ಸೇರ್ಕೊಂಡು 1885ರ ಮಿಕಾಡೋ ಎಲ್ಲ ಮಾಡಿದನಲ್ಲ ಆ ಗಿಲ್ಬರ್ಟ್. ಅದರ ಜೊತೆ ನಟರಿಗೆ ಒಂದು ಸೂಚನೆ ಕೊಟ್ಟ, ಈ ನಾಟಕ ಗೆಲ್ಬೇಕು ಅಂದ್ರೆ ಶುರುವಿಂದ ಕೊನೆವರೆಗೂ ಪೂರ್ತಿ ಶ್ರದ್ಧೆಯಿಂದ, ಗಾಂಭೀರ್ಯದಿಂದ ಆಡ್ಬೇಕು, ತಾನು ಆಡ್ತಿರೋ ಮಾತು ಅಸಂಬದ್ಧ ಅಂತ ನಟನಿಗೆ ಗೊತ್ತಿದೆ ಅನ್ನೋದು ಕಾಣಿಸ್ಬಾರ್ದು ಅಂತ. ಆ ಕಾಲದ ಇಡೀ ಕಾಮಿಡಿಗೆ ಇದೇ ಕೀಲಿ. ವೈಲ್ಡ್ ಕೂಡ ಅರ್ನೆಸ್ಟ್‌ಗೆ ಗಂಭೀರ ಜನರಿಗೊಂದು ಕ್ಷುಲ್ಲಕ ಕಾಮಿಡಿ ಅಂತ ಉಪಶೀರ್ಷಿಕೆ ಇಟ್ಟ.

ಇದನ್ನ ಟೆಸ್ಟ್ ಮಾಡ್ಬೇಕಂದ್ರೆ ಎರಡನೇ ಅಂಕದ ಒಂದು ಎಂಟ್ರಿ ನೋಡಿ. ಆಲ್ಜಿ ಆಗ್ಲೇ ಅರ್ನೆಸ್ಟ್ ಅಂತ ಹೇಳ್ಕೊಂಡು ಮನೆಯೊಳಗೆ ಸಿಸಿಲಿ ಜೊತೆ ಇದಾನೆ, ಪ್ರೇಕ್ಷಕರಿಗೆ ಅದು ಗೊತ್ತು. ತೋಟದ ಹಿಂದಿನಿಂದ ಜ್ಯಾಕ್ ನಿಧಾನಕ್ಕೆ ನಡ್ಕೊಂಡು ಬರ್ತಾನೆ, ಮೇಲಿಂದ ಕೆಳಗೆ ಕಪ್ಪು ಬಟ್ಟೆ, ಟೋಪಿಗೆ ಕಪ್ಪು ಪಟ್ಟಿ, ಕೈಗೆ ಕಪ್ಪು ಗ್ಲೌಸು, ಸೂತಕದ ಪೂರ್ತಿ ವೇಷ. ಇಲ್ಲದ ತಮ್ಮ ಪ್ಯಾರಿಸ್‌ನಲ್ಲಿ ಶೀತ ಆಗಿ ಸತ್ತ ಅಂತ ಸುದ್ದಿ ತಂದಿದಾನೆ. ಒಂದು ಮಾತಿಲ್ಲ ಇನ್ನೂ, ಬರೀ ನಡಿಗೆ, ಥಿಯೇಟರ್ ಬಿದ್ದು ಬಿದ್ದು ನಗತ್ತೆ. ಓದುವಾಗ ಇದು ಒಂದೂವರೆ ಸಾಲಿನ ಸೂಚನೆ, ಕಣ್ಣು ಜಾರಿಬಿಡತ್ತೆ. ನಟ ಇಲ್ಲಿ ಸ್ವಲ್ಪ ಕಣ್ಣು ಮಿಟುಕಿಸಿದ್ರೂ ಮುಗೀತು. ವಿಕ್ಟೋರಿಯನ್ನರಿಗೆ ಸೂತಕದ ಬಟ್ಟೆ ಹುಡುಗಾಟ ಅಲ್ಲ, ರಾಣಿನೇ 1861ರಲ್ಲಿ ಗಂಡ ಸತ್ತಮೇಲೆ ಸಾಯೋವರೆಗೂ ಕಪ್ಪು ಬಟ್ಟೇಲೇ ಇದ್ಳು, ಅಂಥ ಕಾಲದಲ್ಲಿ ಸ್ಟೇಜ್ ಮೇಲೆ ಸುಳ್ಳು ಸೂತಕ.

ನಮಗೆ ಅಂತಲೇ ಎರಡು ಕಡೆ ಪೆನ್ಸಿಲ್ ಗುರುತು ಹಾಕ್ಕೊಳ್ಳಿ. ಗವರ್ನೆಸ್ ಮಿಸ್ ಪ್ರಿಸಮ್ ಸಿಸಿಲಿಗೆ ಅರ್ಥಶಾಸ್ತ್ರ ಓದು ಅಂತ ಹೇಳಿ, ರೂಪಾಯಿ ಕುಸಿತದ ಅಧ್ಯಾಯ ಮಾತ್ರ ಬಿಟ್ಬಿಡು, ಅದು ವಿಪರೀತ ರೋಚಕ ಅಂತಾಳೆ. ಇದು ನಮ್ಮದೇ ರೂಪಾಯಿ ಸ್ವಾಮಿ. 1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತತ್ರ ಎರಡು ಶಿಲ್ಲಿಂಗ್ ಇತ್ತು, ಬೆಳ್ಳಿ ಬೆಲೆ ಬಿದ್ದು ಬಿದ್ದು 1894ರ ಹೊತ್ತಿಗೆ ಒಂದು ಶಿಲ್ಲಿಂಗ್ ಚಿಲ್ಲರೆಗೆ ಬಂತು, 1893ರಲ್ಲಿ ಇಂಡಿಯಾದ ಟಂಕಸಾಲೆಗಳಲ್ಲಿ ಯಾರು ಬೇಕಾದ್ರೂ ಬೆಳ್ಳಿ ತಂದು ನಾಣ್ಯ ಹೊಡೆಸೋದನ್ನ ಸರ್ಕಾರ ನಿಲ್ಲಿಸ್ತು. ಇಲ್ಲಿ ರೂಪಾಯಿಲಿ ಸಂಬಳ ತಗೊಂಡು ಅಲ್ಲಿ ಹೆಂಡತಿ ಮಕ್ಕಳಿಗೆ ಪೌಂಡ್ ಕಳಿಸೋ ಆಫೀಸರ್‌ಗಳಿಗೆ ಇದು ನಿಜವಾಗ್ಲೂ ಹಾರರ್ ಸ್ಟೋರಿ. ಹುಡುಗೀರು ಓದಬಾರದ ಪೋಲಿ ಕಾದಂಬರಿ ಬಗ್ಗೆ ಹೇಳೋ ಮಾತನ್ನ ಕರೆನ್ಸಿ ಅಧ್ಯಾಯದ ಮೇಲೆ ಹೇಳಿಸಿದಾನೆ. ಇನ್ನೊಂದು ಕೊನೇಲಿ, ಆಲ್ಜಿ ಅಪ್ಪ ಜನರಲ್ ಮಾನ್‌ಕ್ರೀಫ್ ಬಗ್ಗೆ: ಸ್ವಲ್ಪ ವಿಚಿತ್ರ ಮನುಷ್ಯ ಆಗಿದ್ದ, ಅದೂ ವಯಸ್ಸಾದಮೇಲೆ, ಅದಕ್ಕೆ ಕಾರಣ ಇಂಡಿಯಾದ ಹವಾ, ಮದುವೆ, ಅಜೀರ್ಣ, ಇಂಥವು. ಈ ಕ್ರಮದಲ್ಲಿ. ಬರೆದೋನು ಡಬ್ಲಿನ್‌ನಲ್ಲಿ ಹುಟ್ಟಿದ ಐರಿಶ್ ಮನುಷ್ಯ ಅನ್ನೋದು ನೆನಪಿರ್ಲಿ, ಸಾಮ್ರಾಜ್ಯದ ಜನರಲ್‌ಗಳನ್ನ ಅಜೀರ್ಣದ ಪಕ್ಕ ಕೂರಿಸೋಕೆ ಅವನಿಗೇನು ಸಂಕೋಚ.

ಒಬ್ಬರೇ ಮೌನವಾಗಿ ಓದೋದು ಬೇಡ. ಇಬ್ಬರು ಮೂವರು ಸೇರಿ ಜೋರಾಗಿ ಓದಿ, ಪಾತ್ರ ಹಂಚ್ಕೊಳ್ಳಿ, ಬ್ರಿಟಿಷ್ ಆಕ್ಸೆಂಟ್ ಹಾಕೋಕೆ ಹೋಗ್ಬೇಡಿ, ಅದು ಅರ್ಧ ಗಂಟೇಲಿ ಹಿಂಸೆ ಆಗತ್ತೆ. ಸ್ಪೀಡ್ ಬಗ್ಗೆ ಒಂದು ಮಾತು, ಜೋಕ್ ಬಂದ ಕಡೆ ನಿಲ್ಲಿಸಿ ಎಲ್ಲರ ಮುಖ ನೋಡೋರು ಇರ್ತಾರೆ, ಅವರಿಗೆ ಬಟ್ಲರ್ ಪಾರ್ಟ್ ಕೊಡಿ.

ಅರ್ನೆಸ್ಟ್ ಮುಗಿದ್ಮೇಲೆ ಆನ್ ಐಡಿಯಲ್ ಹಸ್ಬೆಂಡ್. ಇದರಲ್ಲಿ ಪ್ಲಾಟ್ ಇದೆ, ಬ್ಲ್ಯಾಕ್‌ಮೇಲ್ ಇದೆ. ಸರ್ ರಾಬರ್ಟ್ ಚಿಲ್ಟರ್ನ್ ಅಂತ ಕಳಂಕ ಇಲ್ಲದ ರಾಜಕಾರಣಿ, ಚಿಕ್ಕ ವಯಸ್ಸಲ್ಲಿ ಸೂಯೆಜ್ ಕಾಲುವೆ ಷೇರುಗಳನ್ನ ಸರ್ಕಾರ ಕೊಳ್ಳೋ ಗುಟ್ಟನ್ನ ಮುಂಚೆನೇ ಮಾರ್ಕೊಂಡು ದುಡ್ಡು ಮಾಡಿದಾನೆ, ಇಂಗ್ಲೆಂಡ್ ನಿಜವಾಗಿ ಆ ಷೇರು ಕೊಂಡಿದ್ದು 1875ರಲ್ಲಿ, ಅಂದ್ರೆ ಥಿಯೇಟರಲ್ಲಿ ಕೂತೋರಿಗೆ ಅದು ನಿನ್ನೆ ಮೊನ್ನೆ ವಿಷಯ. ಇನ್‌ಸೈಡರ್ ಟ್ರೇಡಿಂಗ್ ನ್ಯೂಸ್ ಓದೋ ನಮಗೂ ಹಳೇದು ಅನ್ಸಲ್ಲ. ಇದರಲ್ಲಿ ಚಿಲ್ಟರ್ನ್ ಫ್ರೆಂಡ್ ಲಾರ್ಡ್ ಗೋರಿಂಗ್ ಮಾತಾಡ್ತಿರೋವಾಗ ಸೂಪರ್, ಚಿಲ್ಟರ್ನ್ ಗಂಡ ಹೆಂಡತಿ ಆದರ್ಶದ ಬಗ್ಗೆ ಭಾಷಣ ಮಾಡೋವಾಗ ಸ್ವಲ್ಪ ಎಳೆಯತ್ತೆ, ಎಳೆದ ಕಡೆ ವೇಗವಾಗಿ ಓದ್ಬಿಡಿ, ಯಾರೂ ಕೇಳಲ್ಲ. ಆಮೇಲೆ ಲೇಡಿ ವಿಂಡರ್ಮಿಯರ್ಸ್ ಫ್ಯಾನ್. ತಾಯಿ ಯಾರು ಅನ್ನೋ ಗುಟ್ಟನ್ನ ಕೊನೆವರೆಗೂ ಮುಚ್ಚಿಡ್ಬೇಕು ಅಂತಿದ್ದ ವೈಲ್ಡು, ಸೇಂಟ್ ಜೇಮ್ಸಸ್ ಥಿಯೇಟರ್ ನಡೆಸ್ತಿದ್ದ ಜಾರ್ಜ್ ಅಲೆಕ್ಸಾಂಡರ್ ಬೇಡ ಮುಂಚೆನೇ ಬಿಟ್ಕೊಡು ಅಂತ ಹಠ ಹಿಡಿದ, ಮೊದಲ ರಾತ್ರಿ ಆದ್ಮೇಲೆ ವೈಲ್ಡ್ ಒಪ್ಕೊಂಡ. ಅಲೆಕ್ಸಾಂಡರ್ ಹೇಳಿದ್ದೇ ಸರಿ, ಗೊತ್ತಿದ್ದಾಗಲೇ ಎದೆ ಡವಡವ. 1893ರ ಎ ವುಮನ್ ಆಫ್ ನೋ ಇಂಪಾರ್ಟೆನ್ಸ್ ಕೊನೆಗೆ ಇಡಿ, ಮೊದಲ ಅಂಕದಲ್ಲಿ ಮಾತು ಬಿಟ್ರೆ ಏನೂ ನಡೆಯಲ್ಲ, ಆಮೇಲೆ ಒಮ್ಮೆಲೇ ಗೋಳು. ನನಗೆ ಅದು ಇಷ್ಟ ಇಲ್ಲ, ಇಷ್ಟಪಡೋರೂ ಇದಾರೆ.

ವೈಲ್ಡ್ ಒಬ್ಬನೇ ಅಲ್ಲ ಆ ಕಾಲದಲ್ಲಿ. ಪಿನೆರೊ ಬರೆದ ದಿ ಮ್ಯಾಜಿಸ್ಟ್ರೇಟ್ (1885) ಖಂಡಿತ ಓದಿ. ಎರಡನೇ ಮದುವೆ ಆಗೋವಾಗ ಹೆಂಡತಿ ತನ್ನ ವಯಸ್ಸಲ್ಲಿ ಐದು ವರ್ಷ ಕಮ್ಮಿ ಹೇಳಿದಾಳೆ, ಹಾಗಾಗಿ ಮಗನ ವಯಸ್ಸಲ್ಲೂ ಐದು ಕಮ್ಮಿ ಮಾಡ್ಬೇಕಾಯ್ತು, 19ರ ಹುಡುಗ 14 ಅಂತ ಓಡಾಡ್ತಿದಾನೆ, ಸಿಗರೇಟು, ಜೂಜು, ಹುಡುಗೀರು ಎಲ್ಲ ಇವೆ, ಮಲತಂದೆ ಮ್ಯಾಜಿಸ್ಟ್ರೇಟ್‌ಗೆ ಎಂಥ ಚುರುಕು ಹುಡುಗ ಅಂತ ಆಶ್ಚರ್ಯ. ಒಂದೇ ಸುಳ್ಳು, ಅದರ ಲೆಕ್ಕ ಮೂರು ಅಂಕ. 1892ರ ಚಾರ್ಲೀಸ್ ಆಂಟ್ ಓದೋಕಿಂತ ನೋಡೋಕೆ ಚೆಂದ, ಹುಡುಗನೊಬ್ಬ ಬ್ರೆಜಿಲ್‌ನಿಂದ ಬಂದ ಆಂಟಿ ವೇಷ ಹಾಕ್ತಾನೆ, ಲಂಡನ್‌ನಲ್ಲಿ ಒಂದೇ ಓಟಕ್ಕೆ 1,466 ಪ್ರದರ್ಶನ ಆಯ್ತು. ಮರಾಠಿಯಲ್ಲಿ ಆಚಾರ್ಯ ಅತ್ರೆ ಅದನ್ನೇ ಮೋರೂಚಿ ಮಾವಶಿ ಮಾಡಿದ್ರು, ಬೆಳಗಾವಿ ಕಡೆಯೋರಿಗೆ ಹೇಳೋದೇ ಬೇಡ. ಬರ್ನಾರ್ಡ್ ಶಾ ಬರೆದ ಆರ್ಮ್ಸ್ ಆಂಡ್ ದಿ ಮ್ಯಾನ್ (1894) ಅಲ್ಲೂ ತಿಂಡಿ ಕಥೆನೇ, ಗುಂಡಿನ ಬದಲು ಚಾಕ್ಲೇಟ್ ಇಟ್ಕೊಂಡು ಯುದ್ಧಕ್ಕೆ ಹೋಗೋ ಸೈನಿಕ. ಮೊದಲ ರಾತ್ರಿ ಇಡೀ ಥಿಯೇಟರ್ ಚಪ್ಪಾಳೆ ತಟ್ತಿದ್ರೆ ಒಬ್ಬ ಮಾತ್ರ ಬೂ ಅಂದನಂತೆ, ಶಾ ಸ್ಟೇಜ್ ಮೇಲಿಂದ, ನಾನೂ ನಿನ್ನ ಮಾತು ಒಪ್ತೀನಪ್ಪ, ಆದ್ರೆ ಇಷ್ಟು ಜನರ ಎದುರಿಗೆ ನಾವಿಬ್ಬರೇ ಏನ್ಮಾಡೋಣ ಅಂದ. ಇದೇ ಶಾ ಅರ್ನೆಸ್ಟ್ ವಿಮರ್ಶೆ ಬರೆದು, ನಕ್ಕೆ ಆದ್ರೆ ಮನಸ್ಸಿಗೆ ತಟ್ಟಲಿಲ್ಲ, ಹೃದಯ ಇಲ್ಲದ ನಾಟಕ ಅಂದ. ನನಗೆ ಶಾ ತಪ್ಪು ಅನ್ಸತ್ತೆ. ಹೃದಯ ಬೇಕಂದ್ರೆ ವುಮನ್ ಆಫ್ ನೋ ಇಂಪಾರ್ಟೆನ್ಸ್ ಇದೆಯಲ್ಲ, ಅಲ್ಲಿ ಬೇಕಾದಷ್ಟಿದೆ.

ಜೀವನಚರಿತ್ರೆ ಯಾವಾಗ ಓದೋದು ಅಂದ್ರೆ, ನಾಟಕ ಆದ್ಮೇಲೆ. ಮುಂಚೆನೇ ಓದಿದ್ರೆ ಪ್ರತಿ ಜೋಕಿನ ಹಿಂದೆ ಜೈಲು ಕಾಣೋಕೆ ಶುರುವಾಗತ್ತೆ. ಗೊತ್ತಿರ್ಬೇಕಾದ್ದು ಇಷ್ಟು: 1895ರ ಜನವರಿ 3ಕ್ಕೆ ಐಡಿಯಲ್ ಹಸ್ಬೆಂಡ್ ಹೇಮಾರ್ಕೆಟ್‌ನಲ್ಲಿ ಶುರು, ಫೆಬ್ರವರಿ 14ಕ್ಕೆ ಅರ್ನೆಸ್ಟ್ ಸೇಂಟ್ ಜೇಮ್ಸಸ್‌ನಲ್ಲಿ. (ಸಿಸಿಲಿ ತನ್ನ ಡೈರಿ ಪ್ರಕಾರ ಇನ್ನೂ ನೋಡದೇ ಇರೋ ಅರ್ನೆಸ್ಟ್ ಜೊತೆ ನಿಶ್ಚಯ ಮಾಡ್ಕೊಂಡಿದ್ದೂ ಫೆಬ್ರವರಿ 14ಕ್ಕೇ.) ಒಂದೇ ಸಮಯಕ್ಕೆ ಲಂಡನ್‌ನಲ್ಲಿ ಎರಡು ಹಿಟ್. ಪ್ರೇಮಿ ಆಲ್ಫ್ರೆಡ್ ಡಗ್ಲಸ್‌ನ ಅಪ್ಪ, ಕ್ವೀನ್ಸ್‌ಬರಿ ಮಾರ್ಕ್ವೆಸ್, ಅರ್ನೆಸ್ಟ್ ಮೊದಲ ರಾತ್ರಿ ಕೊಳೆತ ತರಕಾರಿ ತಗೊಂಡು ಗಲಾಟೆ ಮಾಡೋಕೆ ಬಂದ, ಪೊಲೀಸರನ್ನ ಇಟ್ಟು ಒಳಗೆ ಬಿಡ್ಲಿಲ್ಲ. ವೈಲ್ಡ್ ಅವನ ಮೇಲೆ ಮಾನಹಾನಿ ಕೇಸ್ ಹಾಕಿದ, ಅದು ತಿರುಗಿ ಅವನಿಗೇ ಬಂತು, ಏಪ್ರಿಲ್ 5ಕ್ಕೆ ಅರೆಸ್ಟ್, ಗಂಡಸರ ಜೊತೆ ಸಂಬಂಧ ಇಟ್ಕೊಂಡಿದ್ದಕ್ಕೆ ಮೇ 25ಕ್ಕೆ ಎರಡು ವರ್ಷ ಕಠಿಣ ಶಿಕ್ಷೆ. ಪೋಸ್ಟರ್‌ನಿಂದ ಹೆಸರು ತೆಗೆದು ಅರ್ನೆಸ್ಟ್‌ನ ಸ್ವಲ್ಪ ದಿನ ಓಡಿಸಿದ್ರು, ಮೇ ತಿಂಗಳಲ್ಲಿ ನಿಂತೋಯ್ತು. ಕೋರ್ಟಲ್ಲೂ ಅವನು ಸ್ಟೇಜ್ ಮೇಲಿನ ಥರಾನೇ ಉತ್ತರ ಕೊಡ್ತಾ ಹೋದ, ಮೊದಮೊದಲು ಜನ ನಕ್ಕರು, ಕೊನೆಗೆ ಅಂಥ ಉತ್ತರಾನೇ ಅವನನ್ನ ಮುಳುಗಿಸ್ತು.

ಇದಾದ್ಮೇಲೆ ಅರ್ನೆಸ್ಟ್‌ನ ನಾಲ್ಕು ಅಂಕದ ಹಳೇ ಪಾಠ ಹುಡುಕಿ ಓದಿ. ಅಲೆಕ್ಸಾಂಡರ್ ಮಾತಿಗೆ ಒಂದು ಅಂಕ ಕತ್ತರಿಸೋಕೆ ಮುಂಚೆ ಅದರಲ್ಲಿ ಗ್ರಿಬ್ಸ್‌ಬಿ ಅಂತ ಒಬ್ಬ ಬರ್ತಿದ್ದ, ಸೆವೋಯ್ ಹೋಟೆಲ್ ಊಟದ ಬಿಲ್ 762 ಪೌಂಡ್ 14 ಶಿಲ್ಲಿಂಗ್ 2 ಪೆನ್ಸ್ ಬಾಕಿಗೆ ಅರ್ನೆಸ್ಟ್‌ನ ಹಾಲೋವೇ ಜೈಲಿಗೆ ಕರ್ಕೊಂಡು ಹೋಗೋಕೆ. ವೈಲ್ಡ್‌ನ ವಿಚಾರಣೆಗೆ ಮುಂಚೆ ಇಟ್ಟಿದ್ದೂ ಹಾಲೋವೇಲೇ. ಕತ್ತರಿಸಿದ್ದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ, ಸೀನ್ ಮಜವಾಗಿದೆ ಆದ್ರೆ ನಾಟಕ ನಿಧಾನ ಆಗತ್ತೆ.

ನೋಡೋಕೆ ಅಂದ್ರೆ 1952ರ ಆಂಥನಿ ಆಸ್ಕ್ವಿತ್ ಸಿನಿಮಾ. ಈಡಿತ್ ಇವಾನ್ಸ್ ಅದರಲ್ಲಿ ಹ್ಯಾಂಡ್‌ಬ್ಯಾಗ್ ಅನ್ನೋ ಮಾತನ್ನ ಎಳೆದು ಏರಿಸಿ ಹೇಳಿದ್ಮೇಲೆ ಮುಂದೆ ಬಂದ ಪ್ರತಿ ನಟಿಗೂ ಅದೊಂದು ತಲೆನೋವಾಯ್ತು, ಅದೇ ಥರ ಹೇಳಿದ್ರೆ ಕಾಪಿ, ಬೇರೆ ಥರ ಹೇಳಿದ್ರೆ ಪ್ರೇಕ್ಷಕರಿಗೆ ನಿರಾಸೆ. ನನ್ನ ಕಣ್ಣು ಆ ಸಿನಿಮಾದಲ್ಲಿ ಮಿಸ್ ಪ್ರಿಸಮ್ ಮಾಡಿದ ಮಾರ್ಗರೆಟ್ ರುದರ್‌ಫರ್ಡ್ ಮೇಲೆ. 2002ರದ್ದು ಜೂಡಿ ಡೆಂಚ್, ಕಾಲಿನ್ ಫರ್ತ್ ಇರೋದು, ನೋಡೋಕೆ ಚೆಂದ, ಆದ್ರೆ ಹೊರಗಡೆ ಓಡಾಟ ಜಾಸ್ತಿ, ಒಂದು ರೂಮಲ್ಲಿ ಸಿಕ್ಕಿಹಾಕ್ಕೊಂಡಿರೋ ಬಿಗಿ ಇಲ್ಲ.

ಕಾಲೇಜಲ್ಲೋ ಅಪಾರ್ಟ್‌ಮೆಂಟಲ್ಲೋ ಮಾಡೋ ಯೋಚನೆ ಇದ್ರೆ, ಕಾಪಿರೈಟ್ ಮುಗಿದಿದೆ, ರಾಯಲ್ಟಿ ಚಿಂತೆ ಇಲ್ಲ, ಒಂಬತ್ತು ಪಾತ್ರ, ಎರಡು ಬಟ್ಲರ್ ಒಬ್ಬನೇ ಮಾಡ್ಬೋದು. ತಿಂಡಿ ಮಾತ್ರ ಮೊದಲ ರಿಹರ್ಸಲ್‌ನಿಂದಲೇ ನಿಜವಾದ್ದಿರ್ಲಿ, ಸುಮ್ನೆ ಖಾಲಿ ಕೈಲಿ ತಿಂದಂಗೆ ಮಾಡಿ ಪ್ರಾಕ್ಟೀಸ್ ಮಾಡಿದ್ರೆ ಶೋ ದಿನ ಬಾಯ್ತುಂಬ ಬ್ರೆಡ್ ಇಟ್ಕೊಂಡು ಡೈಲಾಗ್ ಹೊರಡಲ್ಲ. ಸ್ಯಾಂಡ್‌ವಿಚ್ ಬೆರಳಗಲ, ಸೌತೆಕಾಯಿ ತೆಳ್ಳಗೆ, ಅಂಚು ಕತ್ತರಿಸಿ, ಒಂದು ಸಾಲಿಗೆ ಒಂದು ತುತ್ತು ಅಂತ ಎಣಿಸಿ ಸ್ಕ್ರಿಪ್ಟಲ್ಲೇ ಬರ್ಕೊಳ್ಳಿ. ಎರಡನೇ ಅಂಕದ ಕೊನೇಲಿ ಪ್ರೀತಿ ಎಲ್ಲ ಮುರಿದುಬಿದ್ದಾಗ ಆಲ್ಜಿ ಕೂತು ಮಫಿನ್ ತಿಂತಾನಲ್ಲ, ಗಡಿಬಿಡೀಲಿ ತಿಂದ್ರೆ ಬೆಣ್ಣೆ ಶರ್ಟಿನ ಕಫ್‌ಗೆ ಹತ್ತತ್ತೆ ಅಂತ ಶಾಂತವಾಗಿ, ಅದು ನಮ್ಮ ಬೇಕರಿ ಕಪ್‌ಕೇಕ್ ಥರದ ಮಫಿನ್ ಅಲ್ಲ, ಚಪ್ಪಟೆ ರೊಟ್ಟಿ ಥರದ್ದು, ಸುಟ್ಟು ಬೆಣ್ಣೆ ಹಚ್ಚಿದ್ದು. ಬೇಕರಿಯ ಬೆಣ್ಣೆ ಬನ್ ಅಡ್ಡ ಕತ್ತರಿಸಿ ತವಾ ಮೇಲೆ ಬಿಸಿ ಮಾಡಿದ್ರೆ ಸರಿಹೋಗತ್ತೆ, ಒಂದು ಶೋಗೆ ಎಂಟು ಸಾಕು, ಪಕ್ಕದಲ್ಲಿ ನೀರಿನ ಬದಲು ನಿಜವಾದ ಟೀ ಇಡಿ, ಒಣಗಿದ ಬನ್ ಗಂಟಲಲ್ಲಿ ಸಿಕ್ಕಿದ್ರೆ ಕುಡಿಯೋಕೂ ಆಯ್ತು, ಪಾತ್ರಕ್ಕೂ ಆಯ್ತು.